ಅ ಆ ಇ ಈ ಹೇಳ್ಕೊಡೋಕೆ ಎಂ.ಎ. ಯಾಕೆ?

ಈ ಕಡೆ ತಲೆ ಹಾಕಿ ಮೂರು ತಿಂಗಳಾಯ್ತು. ಪ್ರಾಜೆಕ್ಟು, ರಿಲೀಸು, ಅದೇ ಹಳೇ ನೆಪಗಳು :-) ಇವತ್ತು ಬರೆಯಲೇಬೇಕು ಅನ್ನಿಸಿದ್ದು ನಮ್ಮ ಚಿಕ್ಕಮ್ಮನಿಂದಾಗಿ.

ಚಿಕ್ಕಮ್ಮ ಮೈಸೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್. ಹತ್ತೊಂಬತ್ತು ವರ್ಷದ ಸರ್ವೀಸು. ಕೆಲಸ ಮಾಡ್ತಾನೇ ಕರೆಸ್ಪಾಂಡೆನ್ಸಿನಲ್ಲಿ ಬಿ.ಎ. ಮುಗಿಸಿದವಳು. ಕಳೆದ ಸಲ ಊರಿಗೆ ಹೋದಾಗ, "ಪುಟ್ಟಾ, ಚಿಕ್ಕ ಮಕ್ಕಳ ಶಿಕ್ಷಣದ್ದೇ ಎಂ.ಎ. ಅಂತ ಇರುತ್ತಂತಲ್ಲ, ಕನ್ನಡದಲ್ಲಿ ಎಲ್ಲಾದ್ರೂ ಇದ್ಯಾ ನೋಡೋ" ಅಂದಳು. ಅದಕ್ಕೂ ಮೊದಲು ಯಾವುದೋ ಮೀಟಿಂಗಿನಲ್ಲಿ ಮೇಲಿನವರೊಬ್ಬರನ್ನು ಕೇಳಿದ್ದಳಂತೆ. ಸಿಕ್ಕ ಉತ್ತರ: "ಅ ಆ ಇ ಈ ಹೇಳ್ಕೊಡೋಕೆ ಎಂ.ಎ. ಯಾಕಮ್ಮಾ? ಮೊದ್ಲು ರಿಜಿಸ್ಟರ್ ನೆಟ್ಟಗೆ ಬರೀರಿ." ಎಲ್ಲರೂ ನಕ್ಕರಂತೆ. ಚಿಕ್ಕಮ್ಮನೂ ನಕ್ಕಳಂತೆ. ನನಗೆ ಮಾತ್ರ ನಗು ಬರಲಿಲ್ಲ.

ಯಾಕೆ ಅಂದ್ರೆ, ಹೋದ ವರ್ಷ ನಾನು ಎಂ.ಟೆಕ್.ಗೆ ಸೇರಿದಾಗ ಯಾರೂ ನಗಲಿಲ್ಲ. ವಾರಾಂತ್ಯದ ಕ್ಲಾಸು, ಫೀಸು ಕಂಪನಿಯದ್ದು, ಪರೀಕ್ಷೆಗೆ ರಜೆ ಬೇರೆ. ನಾನು ಮಾಡೋ ಕೆಲಸ ಏನು ಅಂತ ಕೇಳಿದ್ರೆ, ಸ್ಕ್ರೀನಿನ ಎಡಗಡೆ ಇರೋ ಬಟನ್ನನ್ನು ಬಲಗಡೆಗೆ ತರೋದು. ಬಟನ್ ಸರಿಸೋಕೆ ಎಂ.ಟೆಕ್. ಯಾಕೆ ಅಂತ ನನ್ನನ್ನು ಒಬ್ಬರೂ ಕೇಳಿಲ್ಲ!

ಚಿಕ್ಕಮ್ಮನ ಜೊತೆ ಅರ್ಧ ದಿನ ಅಂಗನವಾಡಿಯಲ್ಲಿ ಕೂತಿದ್ದೆ. ಒಂದು ಮಗು ಹತ್ತರವರೆಗೂ ಗಡಗಡ ಎಣಿಸಿತು. "ಐದು ಹುಣಸೆ ಬೀಜ ಕೊಡು ಕಂದಾ" ಅಂದ್ರೆ ಒಂದು ಹಿಡಿ ತುಂಬಿ ಕೊಟ್ಟಿತು. ನಾನಾಗಿದ್ರೆ "ತಪ್ಪು" ಅಂದುಬಿಡ್ತಿದ್ದೆ. ಚಿಕ್ಕಮ್ಮ ಅನ್ನಲಿಲ್ಲ. ಆಮೇಲೆ ನನಗೆ ಹೇಳಿದಳು: "ಇದಕ್ಕೆ ಎಣಿಕೆಯ ಹೆಸರು ಬಂದಿದೆ, ಎಣಿಕೆ ಇನ್ನೂ ಬಂದಿಲ್ಲ ಕಣೋ. ಅದು ಯಾವಾಗ ಬರುತ್ತೆ, ಹೇಗೆ ಬರುತ್ತೆ ನಂಗೊತ್ತಿಲ್ಲ. ಅದನ್ನೇ ಓದ್ಬೇಕು ಅಂತಿರೋದು."

ನೋಡಿ, ಮನಶ್ಶಾಸ್ತ್ರಜ್ಞರು ದಶಕಗಳಿಂದ ಸಂಶೋಧನೆ ಮಾಡಿರುವ ಪ್ರಶ್ನೆ ಇದು. ಚಿಕ್ಕಮ್ಮ ಹುಣಸೆ ಬೀಜ ಹಿಡಿದುಕೊಂಡು ಒಬ್ಬಳೇ ಅಲ್ಲಿಗೆ ತಲುಪಿದ್ದಾಳೆ. ಇನ್ನೊಂದು ಮಗು, ಮನೆಯಲ್ಲಿ ಲಂಬಾಣಿ ಮಾತಾಡುವುದು, ಎರಡು ತಿಂಗಳಿಂದ ಬಾಯಿ ಬಿಟ್ಟಿಲ್ಲ. ಅದು ನಾಚಿಕೆಯೋ, ಕನ್ನಡ ಹೊಸದಾಗಿರೋದಕ್ಕೋ, ಕಿವಿಯ ತೊಂದರೆಯೋ? ಮೂರಕ್ಕೂ ಮೂರು ಬೇರೆ ದಾರಿ. ತಪ್ಪು ದಾರಿ ಹಿಡಿದರೆ ಹೋಗೋದು ಮಗುವಿನ ವರ್ಷಗಳು. ಇದನ್ನು ತಿಳಿಯೋಕೆ ಹೆಚ್ಚು ಓದು ಬೇಡ ಅನ್ನೋರ ಮನೆ ಮಕ್ಕಳು ಎಲ್ಲಿ ಓದ್ತಾರೋ!

ಮೆದುಳಿನ ಬೆಳವಣಿಗೆಯ ಶೇ. 85ಕ್ಕೂ ಹೆಚ್ಚು ಭಾಗ 6 ವರ್ಷ ತುಂಬುವ ಮೊದಲೇ ಆಗುತ್ತೆ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತೆ. ಆ ನೀತಿ ಬೇಕೋ ಬೇಡವೋ ಅನ್ನೋ ಜಗಳ ಬದಿಗಿಡಿ. ಅದೇ ನೀತಿ ಪಿಯುಸಿ ಓದಿದ ಅಂಗನವಾಡಿ ಕಾರ್ಯಕರ್ತೆಗೆ ಕೊಡೋದು 6 ತಿಂಗಳ ಸರ್ಟಿಫಿಕೇಟು, ಅದಕ್ಕಿಂತ ಕಡಿಮೆ ಓದಿದವರಿಗೆ 1 ವರ್ಷದ ಡಿಪ್ಲೊಮಾ. ಅದನ್ನೂ ಡಿಟಿಎಚ್ ಚಾನೆಲ್ಲು, ಸ್ಮಾರ್ಟ್‌ಫೋನಿನಲ್ಲಿ ಕೊಡಬಹುದಂತೆ. ಶೇ. 85 ಮೆದುಳಿಗೆ ಆರು ತಿಂಗಳು, ನನ್ನ ಬಟನ್ನಿಗೆ ನಾಲ್ಕು ವರ್ಷ ಬಿ.ಇ., ಮೇಲೆ ಎಂ.ಟೆಕ್.!

2024ರಲ್ಲಿ ನಮ್ಮ ರಾಜ್ಯದ ಕೆಲವು ಅಂಗನವಾಡಿಗಳಿಗೆ 'ಸರ್ಕಾರಿ ಮಾಂಟೆಸ್ಸರಿ' ಅಂತ ಹೆಸರು ಬಂತು. ಸಂತೋಷ. ಆದರೆ ಆ ಮಾರಿಯಾ ಮಾಂಟೆಸ್ಸರಿ ಯಾರು? 1896ರಲ್ಲೇ ರೋಮ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರ್ ಆದವರು. ಅಷ್ಟು ಸಾಲದು ಅಂತ ಅದೇ ವಿಶ್ವವಿದ್ಯಾಲಯಕ್ಕೆ ವಾಪಸ್ ಹೋಗಿ ಶಿಕ್ಷಣ, ಮನಶ್ಶಾಸ್ತ್ರ ಓದಿ, ಆಮೇಲೆ 1907ರಲ್ಲಿ ಬಡವರ ಕೇರಿಯಲ್ಲಿ ಮೊದಲ ಮಕ್ಕಳ ಮನೆ ತೆರೆದರು. ಬೋರ್ಡಿಗೆ ಅವರ ಹೆಸರು ಬೇಕು, ಅವರ ಓದು ಮಾತ್ರ ಬೇಡ.

ಚಿಕ್ಕಮ್ಮನಿಗೋಸ್ಕರ ಹುಡುಕಿದೆ. ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯದ ಎಂ.ಎ. ಇದೆ. ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ, ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಮಾನವ ಅಭಿವೃದ್ಧಿಯಲ್ಲಿ ಎಂ.ಎಸ್ಸಿ. ಇದೆ. ಎಲ್ಲಾ ಒಳ್ಳೆಯ ಜಾಗಗಳೇ. ಆದರೆ ಓದು ಇಂಗ್ಲಿಷಿನಲ್ಲಿ, ಕ್ಲಾಸು ದಿನವಿಡೀ. ಬೆಳಗ್ಗೆ ಅಂಗನವಾಡಿ ಬಾಗಿಲು ತೆಗೆಯಬೇಕಾದ ಚಿಕ್ಕಮ್ಮ ಅಲ್ಲಿಗೆ ಹೋಗೋದು ಹೇಗೆ?

ಈಗ ನೀವು ಏನು ಹೇಳ್ತೀರಿ ಗೊತ್ತು. ಒಂದು, "ಚಿಕ್ಕ ಮಕ್ಕಳಿಗೆ ಬೇಕಾಗಿರೋದು ಪ್ರೀತಿ, ಡಿಗ್ರಿಯಲ್ಲ." ಮನೆಯಲ್ಲಿ ಎರಡು ಮೊಮ್ಮಕ್ಕಳನ್ನು ನೋಡೋ ಅಜ್ಜಿಗೆ ಪ್ರೀತಿ ಸಾಕು. ಒಂದೇ ಕೋಣೆಯಲ್ಲಿ ಇಪ್ಪತ್ತು ಮಕ್ಕಳು, ಮೂರು ಮನೆಮಾತು ಇದ್ದಾಗ ಪ್ರೀತಿಯ ಜೊತೆ ತಿಳಿವಳಿಕೆಯೂ ಬೇಕು. ಮಕ್ಕಳ ಡಾಕ್ಟರಿಗೆ "ನಿಮಗೆ ಪ್ರೀತಿ ಇದ್ರೆ ಸಾಕು, ಎಂ.ಡಿ. ಯಾಕೆ" ಅಂತ ಹೇಳಿ ನೋಡೋಣ!

ಎರಡು, "ಎಂ.ಎ. ಕಡ್ಡಾಯ ಮಾಡಿದ್ರೆ ಹಳ್ಳಿ ಹೆಂಗಸರು ಕೆಲಸ ಕಳ್ಕೊಳ್ತಾರೆ." ಇದು ನಿಜವಾದ ಭಯ, ನಾನೂ ಒಪ್ತೀನಿ. ಅದಕ್ಕೇ ಕಡ್ಡಾಯ ಬೇಡ ಅಂತಿದೀನಿ. ಬಾಗಿಲಿಗೆ ಬೀಗ ಹಾಕೋದು ಬೇಡ, ಒಳಗಿರೋರು ಹತ್ತೋಕೆ ಏಣಿ ಹಾಕಿ. ಆ 6 ತಿಂಗಳ ಸರ್ಟಿಫಿಕೇಟು ಮೊದಲ ಮೆಟ್ಟಿಲಾಗಲಿ, ಡಿಪ್ಲೊಮಾ ಎರಡನೆಯದು, ಪದವಿ ಆದವರಿಗೆ ಎಂ.ಎ. ಮೂರನೆಯದು. ಕ್ರೆಡಿಟ್ ಕೂಡಿಡೋ ಅಕಾಡೆಮಿಕ್ ಬ್ಯಾಂಕು 2021ರಿಂದ ಇದೆ. ಮುಕ್ತ ವಿಶ್ವವಿದ್ಯಾಲಯ ಮೈಸೂರಿನಲ್ಲೇ ಇದೆ. ಪ್ರಯೋಗಾಲಯ ಅಂತೂ ಬೇರೆ ಬೇಡವೇ ಬೇಡ, ಬೆಳಗಾದರೆ ಚಿಕ್ಕಮ್ಮನ ಎದುರು ಚಾಪೆ ಮೇಲೆ ಕೂತಿರುತ್ತೆ!

ಮೂರು, "ಓದಿ ಏನ್ಮಾಡ್ತಾಳೆ, ಸಂಬಳ ಅಷ್ಟೇ ತಾನೆ?" ನೋವಾಗೋದು ಇಲ್ಲೇ. ಅದನ್ನು ಸಂಬಳ ಅಂತಲೂ ಕರೆಯಲ್ಲ, ಗೌರವಧನ ಅಂತಾರೆ. ಇವರದ್ದು ಸರ್ಕಾರಿ ಹುದ್ದೆಯಲ್ಲ ಅಂತ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಕರ್ನಾಟಕದ್ದೇ ಪ್ರಕರಣದಲ್ಲಿ. 2022ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಅದೇ ಕೋರ್ಟು, ಇವರಿಗೆ ಗ್ರಾಚ್ಯುಟಿ ಕೊಡಬೇಕು, ಮೂರರಿಂದ ಆರು ವರ್ಷದ ಮಕ್ಕಳಿಗೆ ಅಲ್ಲಿ ನಡೆಯೋದು ಶಿಕ್ಷಣದ ಕೆಲಸವೇ ಅಂದಿತು. ಶಿಕ್ಷಣ ಕೊಡೋರು ಶಿಕ್ಷಕರಲ್ಲದೆ ಮತ್ತಿನ್ನೇನು? ಓದಿಗೆ ತಕ್ಕ ದರ್ಜೆ, ದರ್ಜೆಗೆ ತಕ್ಕ ಸಂಬಳ ಬರದಿದ್ರೆ ಎಂ.ಎ. ಅನ್ನೋದು ಅವಳ ತಲೆ ಮೇಲೆ ಇನ್ನೊಂದು ರಿಜಿಸ್ಟರ್ ಅಷ್ಟೇ. ಎರಡೂ ಒಟ್ಟಿಗೇ ಬರಬೇಕು.

ಈ ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದಾಗ ನಮ್ಮ ರಾಜ್ಯದಲ್ಲಿ ಆರಿಸಿಕೊಂಡಿದ್ದು ತಿ. ನರಸೀಪುರವನ್ನು. ನಮ್ಮ ಜಿಲ್ಲೆಯಲ್ಲೇ ಶುರುವಾಗಿ ಐವತ್ತು ವರ್ಷ ದಾಟಿತು. ಆ ಕೆಲಸ ಮಾಡೋಳು ಅದರ ಬಗ್ಗೆಯೇ, ತನ್ನ ಭಾಷೆಯಲ್ಲಿ, ಮೇಲಿನವರೆಗೂ ಓದೋಕೆ ಇನ್ನೆಷ್ಟು ವರ್ಷ ಬೇಕು?

ಚಿಕ್ಕಮ್ಮನಿಗೆ ಇನ್ನೂ ಫೋನ್ ಮಾಡಿಲ್ಲ. "ಸಿಕ್ತೇನೋ?" ಅಂತ ಕೇಳ್ತಾಳೆ. ಏನು ಹೇಳೋದೋ ಗೊತ್ತಾಗ್ತಿಲ್ಲ.... ನಿಮ್ಮಲ್ಲಿ ಯಾರಿಗಾದ್ರೂ ದಾರಿ ಗೊತ್ತಿದ್ರೆ ತಿಳಿಸಿ. ಗೊತ್ತಿಲ್ಲದಿದ್ರೂ ಪರವಾಗಿಲ್ಲ, ಆ ಮೀಟಿಂಗಿನವರ ಹಾಗೆ ನಗಬೇಡಿ ಅಷ್ಟೇ.