ಕಾಗೆ ಹಾರಿಸಿದರೆ ಕನ್ನಡ ಕೆಡುತ್ತದೆಯೇ?

ಕಾಲೇಜು ಹುಡುಗರ ಮಾತಿನಿಂದ ಕನ್ನಡ ಹಾಳಾಯಿತೆಂಬ ಗೋಳನ್ನು ನಾನು ಒಪ್ಪುವುದಿಲ್ಲ. ಸುಳ್ಳು ಬಿಟ್ಟರೆ ‘ಕಾಗೆ ಹಾರಿಸಿದ’, ಕೆಲಸ ಕಲಸಿಹೋದರೆ ‘ಚಿತ್ರಾನ್ನ’, ಬೈಗುಳಕ್ಕೆ ‘ಮಂಗಳಾರತಿ’. ಇದರಲ್ಲಿ ಪರಕೀಯವಾದದ್ದು ಯಾವುದು ಸ್ವಾಮಿ? ಗುಡಿಯಲ್ಲಿ ಜಾಗಟೆಯ ಸದ್ದಿನ ನಡುವೆ ಮುಖದ ಮುಂದೆ ಕರ್ಪೂರ ಉರಿದದ್ದನ್ನು ಕಂಡವರಿಗೇ ಆ ಬೈಗುಳದ ಬಿಸಿ ಗೊತ್ತಾಗುವುದು. ಉದ್ದ ಭಾಷಣಕ್ಕೆ ಹಿರಿಯರು ‘ಕೊರೆತ’ ಅಂದರು, ಹುಡುಗರು ‘ಕುಯ್ತಾನೆ’ ಅಂದರು; ವ್ಯತ್ಯಾಸ ಆಯುಧದ್ದು ಮಾತ್ರ. ಕೈಲಾಸಂ ನಾಟಕಗಳ ಇಂಗ್ಲಿಷ್ ಬೆರಕೆಗೆ ಚಪ್ಪಾಳೆ ತಟ್ಟುವ ಮೇಷ್ಟ್ರುಗಳೇ, ಅಚ್ಚಗನ್ನಡದಲ್ಲಿ ತಮಾಷೆ ಮಾಡಿದ ವಿದ್ಯಾರ್ಥಿಗೆ ‘ಭಾಷೆ ನೆಟ್ಟಗಿಲ್ಲ’ ಎನ್ನುತ್ತಾರೆ. ತರಗತಿಯಲ್ಲಿ ಹೀಗೆ ನಾಲ್ಕು ಸಲ ಬೈಸಿಕೊಂಡ ಹುಡುಗ ಐದನೆಯ ಜೋಕನ್ನು ಇಂಗ್ಲಿಷಿನಲ್ಲೇ ಹೇಳುತ್ತಾನೆ.