ಆಣೆ ಮುರಿದ ಮರುದಿನ

ನಮ್ಮ ಕಡೆ ಕುಡಿತ ಬಿಡಿಸಾಕ ಎಲ್ಲರಿಗೂ ಗೊತ್ತಿರೋ ಔಷಧ ಒಂದೇ, ಆಣೆ. ಕೊಟ್ಟೂರಾಗ ಬಸವೇಶ್ವರ ಸ್ವಾಮಿ ಮುಂದ, ಹಡಗಲಿ ಕಡೆ ಮೈಲಾರಲಿಂಗಪ್ಪನ ಮುಂದ, ಹರಪನಹಳ್ಳಿ ಕಡೆ ಉಚ್ಚಂಗೆಮ್ಮನ ಮುಂದ ನಿಲ್ಲಿಸಿ, "ಇನ್ನ ಮುಟ್ಟಂಗಿಲ್ಲ" ಅಂತ ಅನ್ನಿಸ್ತಾರ. ಕಾಯಿ ಒಡೀತಾರ. ಹೆಂಡ್ತಿ ಸೆರಗಿನಾಗ ಕಣ್ಣು ಒರೆಸ್ಕಂತಾಳ. ಎಲ್ಲರೂ ಹಗುರ ಆಗಿ ಮನಿಗೆ ಬರ್ತಾರ.

ನನ್ನ ತಮ್ಮ ಇಂಥ ಆಣೆ ಮೂರು ಸಲ ಮಾಡ್ಯಾನ. ಮೂರೂ ಸಲ ಮುರದಾನ.

ಆಣೆ ತಪ್ಪು ಅಂತ ನಾನು ಹೇಳಾಕ ಹೊಂಟಿಲ್ಲ. ಆಣೆ ಮುರಿದ ಮರುದಿನಕ್ಕ ನಮ್ಮ ಹತ್ರ ಏನೂ ಇಲ್ಲ, ಅದು ತಪ್ಪು. ಇದು ನನಗ ತಿಳಿಯಾಕ ಹತ್ತು ವರ್ಷ ಬೇಕಾತು.

ಮೊದಲನೇ ಆಣೆ ಎರಡು ತಿಂಗಳು ನಡೀತು. ಶೇಂಗಾ ಮಾರಿದ ದಿನ ಕೈಯಾಗ ರೊಕ್ಕ ಇತ್ತು, ಜತಿಗೆ ಗೆಳೆಯರಿದ್ರು. ಒಂದು ಕ್ವಾರ್ಟರ್ ಕುಡದು ಮನಿಗೆ ಬಂದ. ನಮ್ಮವ್ವ ಎದಿ ಬಡ್ಕಂಡು ಅತ್ತಳು. ಅವನ ಹೆಂಡ್ತಿ ಮಾತು ಬಿಟ್ಲು. ನಾನು ಕೂಡ್ಲಿಗಿಯಿಂದ ಬೆಳಿಗ್ಗೆ ಬಸ್ಸಿಗೆ ಹೋಗಿ, "ಮನುಷ್ಯರಿಗಲ್ಲದ ದೇವರಿಗೂ ಮೋಸ ಮಾಡಿದ್ಯಲ್ಲೋ, ನಿನ್ನ ಕೈಲಿ ಏನೂ ಆಗಂಗಿಲ್ಲ ಬಿಡು" ಅಂದು ಬಂದೆ. ಆಮ್ಯಾಲೆ ಅವನು ಮೂರು ವಾರ ಎಚ್ಚರ ಇಲ್ಲದಂಗ ಕುಡದ. ಕೇಳಿದ್ರ, "ಹೆಂಗೂ ಆಣೆ ಮುರದೈತಿ ಅಕ್ಕಾ, ಇನ್ನೇನು ಉಳೀತು" ಅಂದ.

ಕ್ವಾರ್ಟರ್ ಕುಡದಿದ್ದು ಅವನೇ. ಆದ್ರ ಆ ಒಂದು ಕ್ವಾರ್ಟರ್ ಮೂರು ವಾರ ಆಗಾಕ ನಾವೂ ಕೈ ಹಚ್ಚಿದ್ವಿ ಅಂತ ಈಗ ಅನ್ನಿಸ್ತೈತಿ.

ನನ್ನ ಮಗಳು ನರ್ಸಿಂಗ್ ಓದ್ಯಾಳ. ಮಾಮನ ಸುದ್ದಿ ಮಾತಾಡುವಾಗ ಒಮ್ಮೆ ಅವಳು ಡಿಬಿಟಿ ಅಂತ ಒಂದು ಚಿಕಿತ್ಸೆ ಬಗ್ಗೆ ಹೇಳಿದ್ಲು. ಪೂರ್ತಿ ಹೆಸರು ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ. ಹೆಸರು ಕೇಳಿ ನಾನು ನಕ್ಕೆ, ಪಿಯುಸಿ ಓದಿದಾಕಿಗೆ ಇದೆಲ್ಲಿ ತಿಳೀಬೇಕು ಅಂತ. ಅವಳು ಬಿಡಿಸಿ ಹೇಳಿದ ಮ್ಯಾಲೆ, ಇದು ನಮಗ ಗೊತ್ತಿರೋ ಮಾತೇ ಅನ್ನಿಸ್ತು. ಒಂದಕ್ಕೊಂದು ಎದುರು ನಿಂತಂಗ ಕಾಣೋ ಎರಡು ಮಾತು ಒಟ್ಟಿಗೇ ನಿಜ ಇರಬಹುದು ಅನ್ನೋದು ಆ ಹೆಸರಿನ ಅರ್ಥ. "ನೀನು ಹೆಂಗಿದ್ರೂ ನಮ್ಮವನು" ಅನ್ನೋದು ಒಂದು. "ನೀನು ಹಿಂಗೇ ಇರಾಕ ಆಗಂಗಿಲ್ಲ, ಬದಲಾಗಬೇಕು" ಅನ್ನೋದು ಇನ್ನೊಂದು. ಹೆತ್ತ ತಾಯಿ ಇವೆರಡನ್ನೂ ದಿನಾ ಹೇಳ್ತಾಳ. ನಾವು ಮಾತ್ರ ಕುಡುಕನ ಮುಂದ ಒಂದೋ ಬರೀ ಬೈತೀವಿ, ಇಲ್ಲಾ ಬರೀ ಮುಚ್ಚಿಡ್ತೀವಿ.

ಇದನ್ನ ಕಟ್ಟಿದಾಕಿ ಮಾರ್ಷಾ ಲೈನ್‌ಹ್ಯಾನ್, ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಾಗ ಇದ್ದಾಕಿ. ಸಾಯಬೇಕು ಅಂತ ಮತ್ತ ಮತ್ತ ತಮಗ ತಾವೇ ಗಾಯ ಮಾಡ್ಕಳೋರಿಗೆ, ಸಿಟ್ಟು ದುಃಖ ತಡ್ಕಳಾಕ ಆಗದೋರಿಗೆ ಅಂತ ಕಟ್ಟಿದ ಚಿಕಿತ್ಸೆ ಇದು. ಪುಸ್ತಕ 1993ರಾಗ ಬಂತು. ಆಕಿ 17ನೇ ವಯಸ್ಸಿನಾಗ ತಾನೇ ಮಾನಸಿಕ ಆಸ್ಪತ್ರ್ಯಾಗ ಎರಡು ವರ್ಷದ ಮ್ಯಾಲೆ ಇದ್ದಾಕಿ, ಅದನ್ನ 2011ರಾಗ ಎಲ್ಲರ ಮುಂದ ಬಿಚ್ಚಿ ಹೇಳಿದ್ಲು. ನೋವು ತಿಂದಾಕಿ ಕಟ್ಟಿದ್ದು ಅಂತ ನನಗ ಇದರ ಮ್ಯಾಲೆ ನಂಬಿಕೆ ಬಂತು. ಆಮ್ಯಾಲೆ ಆಕಿ ಮತ್ತು ಜತಿಗಾರರು ಇದನ್ನ ವ್ಯಸನ ಇರೋರಿಗೂ ಹೊಂದಿಸಿದ್ರು. 1999ರಾಗ ಬಂದ ಮೊದಲ ಅಧ್ಯಯನದಾಗ ಇದ್ದೋರು 28 ಹೆಣ್ಣುಮಕ್ಕಳು, ಮಾದಕ ವಸ್ತುವಿನ ಚಟದ ಜತಿಗೆ ಮನಸ್ಸಿನ ಏರಿಳಿತನೂ ಇದ್ದೋರು. ಈ ಚಿಕಿತ್ಸೆ ಸಿಕ್ಕೋರ ಚಟ ಹೆಚ್ಚು ಇಳೀತು, ಚಿಕಿತ್ಸೆ ನಡುವೆ ಬಿಟ್ಟು ಹೋದೋರೂ ಕಡಿಮೆ. 28 ಜನ ಅಂದ್ರ ಸಣ್ಣ ಲೆಕ್ಕ. ಎಲ್ಲಾ ಕುಡುಕರಿಗೂ ಇದೇ ಮದ್ದು ಅಂತ ಯಾರಾದ್ರೂ ಹೇಳಿದ್ರ ನಂಬಬ್ಯಾಡ್ರಿ. ನನ್ನ ಮನಸ್ಸು ಹಿಡಿದಿದ್ದು ಇದರಾಗಿನ ಒಂದು ಪಾಠ.

ಆ ಪಾಠ ಹಿಂಗೈತಿ. ಕುಡಿಯೋ ಮುಂಚೆ ಮಾತು ಖಡಕ್: ಪೂರ್ತಿ ಬಿಡಬೇಕು, ಸ್ವಲ್ಪ ಸ್ವಲ್ಪ ಅನ್ನಂಗಿಲ್ಲ. ಒಂದು ಪಕ್ಷ ಕಾಲು ಜಾರಿದ್ರ ಆ ಗಳಿಗೆಯಿಂದ ಮಾತು ಬ್ಯಾರೆ: ಬಿದ್ದೀದಿ, ಏಳು, ಎಲ್ಲಿ ಜಾರಿದಿ ನೋಡು, ಮತ್ತ ಇವತ್ತಿನಿಂದ ಪೂರ್ತಿ ಬಿಡು. ಬೈಗುಳ ಇಲ್ಲ, "ಪರವಾಗಿಲ್ಲ ಕುಡಿ" ಅನ್ನೋ ಸಡಿಲನೂ ಇಲ್ಲ. ಕೂಸಿಗೆ ನಡಿಗೆ ಕಲಿಸುವಾಗ ನಾವು ಮಾಡೋದು ಇದನ್ನೇ ಅಲ್ಲೇನ್ರಿ? ಬೀಳಬ್ಯಾಡ ಅಂತೀವಿ, ಬಿದ್ದ್ರ ಎತ್ತತೀವಿ. ಬಿದ್ದೀದಿ, ಇನ್ನ ಅಂಬೆಗಾಲೇ ಗತಿ ಅನ್ನಂಗಿಲ್ಲ.

ಎರಡನೇ ಆಣೆ ಮುರಿದಿದ್ದು ಇನ್ನೊಂದು ಪಾಠ. ಐದು ತಿಂಗಳು ಬಿಟ್ಟಿದ್ದ. ಮೈ ತುಂಬಿಕಂಡಿತ್ತು. "ನನಗ ಇನ್ನ ಅದರ ನೆನಪೂ ಬರಂಗಿಲ್ಲ" ಅಂತ ಹೇಳಿ ಹಳೇ ಗೆಳೆಯರ ಜತಿಗೆ ಢಾಬಾದಾಗ ಸೋಡಾ ಕುಡಿಯಾಕ ಹೋದ. ಎರಡನೇ ದಿನ ಸೋಡಾದಾಗ ಬ್ಯಾರೆದು ಬಿತ್ತು. ಈ ಚಿಕಿತ್ಸೆಯಾಗ ಮನಸ್ಸಿನ ಮೂರು ಥರ ಹೇಳ್ತಾರ. ಕುಡೀಬೇಕು ಅಂತಷ್ಟೇ ಕುಣಿಯೋ ಮನಸ್ಸು ಒಂದು. ಬಿಟ್ಟೀನಿ, ಇನ್ನ ಭಯ ಇಲ್ಲ ಅಂತ ಮೈಮರೆಯೋ ಮನಸ್ಸು ಇನ್ನೊಂದು. ಬಿಟ್ಟೀನಿ, ಆದ್ರ ಅದು ಇಲ್ಲೇ ಹತ್ರ ಐತಿ ಅಂತ ಎಚ್ಚರ ಇರೋ ಮನಸ್ಸು ಮೂರನೇದು. ಕೆರೆ ನೀರು ತಿಳಿಯಾದ್ರೂ ತಳದಾಗ ರಾಡಿ ಇದ್ದೇ ಇರ್ತೈತಿ, ಕಾಲು ಹಾಕಿ ಕಲಕಬಾರದು. ಅದಕ್ಕೇ ಅವರು ದಾರಿ ಕಡೀರಿ ಅಂತಾರ. ಕುಡಿಯೋ ಗೆಳೆಯನ ನಂಬರ್ ತೆಗೀಬೇಕು, ಅಂಗಡಿ ಮುಂದಿನ ರಸ್ತೆ ಬಿಡಬೇಕು, ರೊಕ್ಕ ಬರೋ ದಿನ ಒಬ್ಬನೇ ಪೇಟೆಗೆ ಹೋಗಬಾರದು.

ಮೂರನೇ ಸಲ ಸಂಕಟದಾಗ ಮುರೀತು. ಸಾಲ ಕೊಟ್ಟೋನು ಕಟ್ಟೆ ಮ್ಯಾಲೆ ನಾಕು ಜನರ ಮುಂದ ಬೈದ. ಅವಮಾನ ನುಂಗಾಕ ಅವನಿಗೆ ಬಾಟ್ಲಿ ಬಿಟ್ಟು ಬ್ಯಾರೆ ದಾರಿ ಗೊತ್ತಿರಲಿಲ್ಲ. ನಮ್ಮ ಗಂಡಸ್ರಿಗೆ ಅಳಾಕ ನಾವು ಕಲಿಸಿಲ್ಲ, ಕುಡಿಯಾಕ ಊರು ಕಲಿಸೈತಿ. ಡಿಬಿಟಿಯಾಗ ಕಲಿಸೋದು ನಾಕು: ಈ ಗಳಿಗ್ಯಾಗ ಮನಸ್ಸಿಡೋದು, ಸಂಕಟ ತಡ್ಕಳೋದು, ಭಾವನೆ ಹಿಡಿತದಾಗ ಇಡೋದು, ಮಂದಿ ಜತಿ ನೆಟ್ಟಗ ಮಾತಾಡೋದು. ಕುಡೀಬೇಕು ಅನ್ನೋ ಆಸೆ ಹಾಲು ಉಕ್ಕಿದಂಗ ಏರ್ತೈತಿ. ಆ ಹೊತ್ತು ದಾಟಿಸಿದ್ರ ಇಳೀತೈತಿ. ದಾಟಿಸಾಕ ಮುಖಕ್ಕ ತಣ್ಣೀರು ಹಾಕಬೇಕು (ಎದಿ ಬ್ಯಾನಿ ಇರೋರು ಡಾಕ್ಟರನ್ನ ಕೇಳಿ), ಜೋರಾಗಿ ನಡೀಬೇಕು, ನಿಧಾನ ಉಸಿರು ಬಿಡಬೇಕು, ನಂಬಿದೋರಿಗೆ ಫೋನು ಮಾಡಬೇಕು.

ಅಂಗಡಿ ಮುಚ್ಚಿಸಿದ್ರ ಸಾಕಿತ್ತು ಅಂತಾರ ನಮ್ಮ ಸಂಘದ ಹೆಂಗಸ್ರು. 2007ರ ಜುಲೈ 1ಕ್ಕ ಸಾರಾಯಿ ಬಂದ್ ಆದಾಗ ನಾವೂ ಸಕ್ಕರಿ ಹಂಚಿದ್ವಿ. ಸಾರಾಯಿ ಪಾಕೀಟು ಹೋತು, ವಿಸ್ಕಿ ಪಾಕೀಟು ಬಂತು. ಗಾಂಧೀಜಿ ಚಿತಾಭಸ್ಮ ಇಟ್ಟಿರೋ ಊರು ನಮ್ಮ ಕೂಡ್ಲಿಗಿ. ಅಕ್ಟೋಬರ್ 2ಕ್ಕ ಅಂಗಡಿ ಮುಚ್ಚಿರ್ತಾವ, ಕುಡಿಯೋರು ಹಿಂದಿನ ದಿನನೇ ತಂದು ಇಟ್ಕಂತಾರ. ಅಂಗಡಿ ಮುಚ್ಚಲಿ, ನನಗೂ ಬೇಕು. ಮನಸ್ಸಿಗೂ ಪಾಠ ಬೇಕು.

ಎರಡು ಎಚ್ಚರಿಕೆ ಹೇಳಲೇಬೇಕು. ದಿನಾ ಜಾಸ್ತಿ ಕುಡಿಯೋರು ಒಮ್ಮೆಗೇ ಬಿಟ್ರ ಕೈ ನಡಗ್ತೈತಿ, ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜೀವಕ್ಕೂ ಕುತ್ತು. ಆಣೆ ಮಾಡ್ಸಿ ಮನ್ಯಾಗ ಕೂಡಿಹಾಕಬ್ಯಾಡ್ರಿ, ಮೊದಲು ಆಸ್ಪತ್ರೆಗೆ ಕರಕೊಂಡು ಹೋಗ್ರಿ. ಗೊತ್ತಿಲ್ಲದಂಗ ಸಾರಿನಾಗ ಪುಡಿ, ಗುಳಿಗಿ ಹಾಕೋದು ಇನ್ನೂ ಅಪಾಯ. ಎರಡನೇದು, ಬಿದ್ದೋನನ್ನ ಎತ್ತೋದು ಅಂದ್ರ ಹೊಡೆತ ತಿನ್ನೋದಲ್ಲ. ಕೈ ಎತ್ತಿದ್ರ ಮಕ್ಕಳನ್ನ ಕಟ್ಕಂಡು ಹೊರಗ ಬರ್ರಿ. ಇದನ್ನ ತಮ್ಮನ ಹೆಂಡ್ತಿಗೆ ನಾನೇ ಹೇಳೀನಿ.

ಡಿಬಿಟಿ ಕಲಿತೋರು ನಮ್ಮ ತಾಲೂಕಿನಾಗ ಎಲ್ಲಿ ಸಿಗ್ತಾರ ಅಂತೀರೇನು? ಮನಸ್ಸಿನ ಡಾಕ್ಟರ್ ದೊಡ್ಡ ಊರಿಗೇ ಇರಬೇಕು ಅನ್ನೋ ಮಾತನ್ನ ಸುಳ್ಳು ಮಾಡಿದ್ದೇ ನಮ್ಮ ಜಿಲ್ಲೆ. 1985ರಿಂದ 1990ರ ತನಕ ನಿಮ್ಹಾನ್ಸ್‌ನೋರು ಅಖಂಡ ಬಳ್ಳಾರಿ ಜಿಲ್ಲೆಯಾಗ ಹಳ್ಳಿ ಆಸ್ಪತ್ರೆ ಡಾಕ್ಟರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮನಸ್ಸಿನ ರೋಗಕ್ಕ, ಮೂರ್ಛೆರೋಗಕ್ಕ ಚಿಕಿತ್ಸೆ ಕೊಡಿಸಿದ್ರು. ಅದನ್ನ ನೋಡೇ 1996ರಾಗ ದೇಶದಾಗ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾತು. ದೇಶಕ್ಕ ದಾರಿ ತೋರಿಸಿದ ಜಿಲ್ಲೆಗೆ, ತಾಲೂಕು ಆಸ್ಪತ್ರ್ಯಾಗ ಇಂಥ ಪಾಠ ಹೇಳೋ ಒಬ್ಬ ಆಪ್ತ ಸಲಹೆಗಾರ ಬೇಕು ಅಂತ ಕೇಳೋ ಹಕ್ಕಿಲ್ಲೇನು? ಈಗ ಟೆಲಿ ಮಾನಸ್‌ 14416ಕ್ಕ ಕನ್ನಡದಾಗ ಮಾತಾಡಬಹುದು, ವ್ಯಸನಕ್ಕಂತ 14446 ಐತಿ, ಎರಡಕ್ಕೂ ರೊಕ್ಕ ಇಲ್ಲ.

ನಾಕನೇ ಸಲ ತಮ್ಮ ಮೊದಲು ಆಸ್ಪತ್ರ್ಯಾಗ ಒಂದು ವಾರ ಇದ್ದ. ಆಮ್ಯಾಲೆ ಅವನೇ "ಸ್ವಾಮಿಗೆ ಹೋಗಿ ಬರೋಣ" ಅಂದ. ಆಣೆ ಮಾಡಿದ. ನಾನು ಪಕ್ಕದಾಗ ನಿಂತು ಒಂದು ಮಾತು ಕೂಡಿಸಿದೆ: "ಒಂದು ವೇಳೆ ಜಾರಿದ್ರ ಅವತ್ತೇ ರಾತ್ರಿ ಅಕ್ಕನಿಗೆ ಫೋನು ಮಾಡ್ತೀನಿ ಅನ್ನು." ನಮ್ಮವ್ವ "ದೇವರ ಮುಂದ ಅಪಶಕುನ ಯಾಕವ್ವ" ಅಂತ ಸಿಡುಕಿದ್ಲು. ಅವನು ಮಾತ್ರ ಅಂದ.

ಅದಾಗಿ ಹನ್ನೊಂದು ತಿಂಗಳಾತು. ಎರಡು ಸಲ ಫೋನು ಬಂದೈತಿ. ಮೊದಲನೇ ಸಲ ನನ್ನ ಬಾಯಾಗ ಹಳೇ ಬೈಗುಳ ಬಂದೇ ಬಿಟ್ಟಿತ್ತು, ನುಂಗಿಕಂಡೆ. "ಎಲ್ಲದೀಯಪ್ಪ, ಊಟ ಆತೇನು" ಅಂದೆ. ಅವನು ಅತ್ತ. ಎರಡೂ ಸಲ ಕುಡಿದಿದ್ದು ಒಂದೊಂದೇ ದಿನ, ಮರುದಿನ ಎದ್ದು ಹೊಲಕ್ಕ ಹೋಗ್ಯಾನ.

ಪೂರ್ತಿ ಗೆದ್ದಾನ ಅಂತ ನಾನು ಬರೆಯಂಗಿಲ್ಲ. ಆದ್ರ ಮೂರು ವಾರ ಇದ್ದಿದ್ದು ಒಂದು ದಿನಕ್ಕ ಇಳದೈತಿ. ನೀವೂ ಮನ್ಯಾಗ ಯಾರಿಗಾದ್ರೂ ಆಣೆ ಮಾಡ್ಸೋರಿದ್ರ, ಮರುದಿನದ ಮಾತೂ ಅವತ್ತೇ ಆಡಿ ಇಡ್ರಿ.