ಹಾರುವ ಫೋಟೊಗಾಗಿ ಹಕ್ಕಿಗಳನ್ನು ಎಬ್ಬಿಸಬೇಡಿ

ಚಳಿ ಬಿತ್ತೆಂದರೆ ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಅವುಗಳ ಬೆನ್ನಿಗೇ ನಾವೂ ಹೊರಡುತ್ತೇವೆ. ಶನಿವಾರ ರಾತ್ರಿ ಊರು ಬಿಟ್ಟು, ಭಾನುವಾರ ಬೆಳಿಗ್ಗೆ ದಡದಲ್ಲಿ ಟ್ರೈಪಾಡ್ ಊರಿ, ಸಂಜೆಗೆಲ್ಲ ಹಿಂತಿರುಗುವ ಅವಸರ. ಆ ಅವಸರದಲ್ಲೇ ಯಾರೋ ಒಬ್ಬರು ಚಪ್ಪಾಳೆ ತಟ್ಟುತ್ತಾರೆ, ಇನ್ನೊಬ್ಬರು ಕಲ್ಲೆಸೆಯುತ್ತಾರೆ. ಹಿಂಡು ಗಾಬರಿಯಿಂದ ಮೇಲೇಳುತ್ತದೆ, ಕ್ಯಾಮೆರಾಗಳು ಕಟಕಟನೆ ಸದ್ದು ಮಾಡುತ್ತವೆ.

ದಯವಿಟ್ಟು ಇದನ್ನು ಬಿಡೋಣ.

ಈ ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ನಮ್ಮಲ್ಲಿಗೆ ಬರುವಂಥವು. ಸುತ್ತಲ ಹೊಲಗಳಲ್ಲಿ ಮೇಯ್ದು ಬಂದು ಕೆರೆಯಲ್ಲಿ ದಣಿವಾರಿಸಿಕೊಳ್ಳುತ್ತವೆ. ಬೇಸಿಗೆ ಕಾಲಿಡುವ ಹೊತ್ತಿಗೆ ಅದೇ ದಾರಿಯಲ್ಲಿ ಮರಳಬೇಕು. ಅದಕ್ಕೆ ಬೇಕಾದ ಕೊಬ್ಬು ಮೈಗೂಡುವುದು ಈ ತಿಂಗಳುಗಳಲ್ಲೇ. ನಾವು ಎಬ್ಬಿಸಿದಷ್ಟು ಸಲವೂ ಅದು ಕರಗುತ್ತದೆ. ಅಷ್ಟಕ್ಕೂ ಹಾರುವ ಚಿತ್ರವೇ ಬೇಕೆಂದರೆ, ಹೊಲಕ್ಕೂ ಕೆರೆಗೂ ಅವು ತಾವಾಗಿಯೇ ಓಡಾಡುವ ಹೊತ್ತಿಗೆ ಕಾದರೆ ಸಾಕು. ಗಾಬರಿಯಿಂದ ಎದ್ದ ಹಕ್ಕಿಯ ಫೋಟೊದಲ್ಲಿ ಸಿಗುವುದು ಬಹುಮಟ್ಟಿಗೆ ಬಾಲ ಮತ್ತು ಬೆನ್ನು!

ಎಷ್ಟು ಹತ್ತಿರ ಹೋಗಬಹುದು? ಅದನ್ನು ಹಕ್ಕಿಯೇ ಹೇಳುತ್ತದೆ. ಮೇಯುವುದು ಬಿಟ್ಟು ಕತ್ತೆತ್ತಿತೇ, ನಿಂತುಬಿಡಿ. ಅತ್ತ ಸರಿದು ನಡೆಯತೊಡಗಿತೇ, ಹಿಂದೆ ಬನ್ನಿ. ಕೂತು ಕಾಯುವವರಿಗೆ ಅದೇ ಹಕ್ಕಿ ಎಷ್ಟೋ ಸಲ ತಾನಾಗಿ ಹತ್ತಿರ ಬರುತ್ತದೆ.

ಗೂಡಿನ ವಿಷಯದಲ್ಲಂತೂ ಇನ್ನೂ ಬಿಗಿಯಾಗಿರಬೇಕು. ಟಿಟ್ಟಿಭ ಬರಿ ನೆಲದ ಮೇಲೆ, ಬೆಣಚುಕಲ್ಲಿನಂತೆ ಕಾಣುವ ಮೊಟ್ಟೆಯಿಡುತ್ತದೆ. ಉರಿಬಿಸಿಲಿನಲ್ಲಿ ಹೊಟ್ಟೆಯ ಗರಿ ನೀರಲ್ಲಿ ನೆನೆಸಿಕೊಂಡು ಬಂದು ಅವನ್ನು ತಂಪು ಮಾಡುತ್ತದೆ. ನಾವು ಲೆನ್ಸ್ ಹಿಡಿದು ಅಲ್ಲೇ ಕೂತರೆ ಅದು ನೆತ್ತಿಯ ಮೇಲೆ ಕೂಗಾಡುತ್ತಾ ಸುತ್ತುತ್ತದೆ, ಕೆಳಗೆ ಮೊಟ್ಟೆ ಬೇಯುತ್ತದೆ. ಫೋಟೊಗೆ ಅಡ್ಡ ಬಂತೆಂದು ಮುರಿಯುವ ಕೊಂಬೆಯೇ ಇನ್ನೊಂದು ಗೂಡಿಗೆ ನೆರಳು, ಕಾಗೆಯ ಕಣ್ಣಿಗೆ ಮರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಕಾಡುಹಕ್ಕಿಯ ಮೊಟ್ಟೆಗೋ ಗೂಡಿಗೋ ತೊಂದರೆ ಕೊಡುವುದನ್ನೂ ಬೇಟೆಯೆಂದೇ ಎಣಿಸುತ್ತದೆ. ಕೋವಿ ಹಿಡಿದವರಿಗಷ್ಟೇ ಅಲ್ಲ, ಕ್ಯಾಮೆರಾ ಹಿಡಿದವರಿಗೂ ಆ ಮಾತು ಅನ್ವಯಿಸುತ್ತದೆ.

ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವ ಚಾಳಿಯೂ ಬೇಡ. ತನ್ನ ಜಾಗಕ್ಕೆ ಎದುರಾಳಿ ನುಗ್ಗಿದನೆಂದು ಗಂಡು ಹಕ್ಕಿ ಮೇವು, ಮರಿ ಎಲ್ಲ ಬಿಟ್ಟು ಇಲ್ಲದ ಶತ್ರುವನ್ನು ಹುಡುಕುತ್ತದೆ. ಗೂಡಿನ ಚಿತ್ರ ಹಂಚಿಕೊಳ್ಳುವಾಗ ಜಾಗದ ಗುರುತು ತೆಗೆದುಬಿಡಿ. ಇಲ್ಲದಿದ್ದರೆ ಮುಂದಿನ ಭಾನುವಾರ ಅಲ್ಲಿ ಜಾತ್ರೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರು ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಗೂಡು ಕಟ್ಟಿದ ಹುಣಸೆ ಮರದ ಹಣ್ಣನ್ನೇ ಬಿಟ್ಟುಕೊಟ್ಟವರು. ಒಂದು ಫೋಟೊ ಬಿಟ್ಟುಕೊಡುವುದು ನಮಗೇನು ಕಷ್ಟ?

ಈ ಭಾನುವಾರ ಕೆರೆಗೆ ಹೋದಾಗ ಪಕ್ಕದವರು ಕಲ್ಲೆತ್ತಿದರೆ ಸುಮ್ಮನೆ ನೋಡುತ್ತಾ ನಿಲ್ಲಬೇಡಿ. ಮೆಲ್ಲಗೆ ತಿಳಿಹೇಳಿ, ಕೇಳದಿದ್ದರೆ ಅಲ್ಲಿನ ಅರಣ್ಯ ಇಲಾಖೆ ಸಿಬ್ಬಂದಿಗೆ ತಿಳಿಸಿ.